ಗುಜರಿಗೆ ಹಾಕೋ ಮುಂಚೆ ವೈರ್ ಕತ್ತರಿಸಬೇಡಿ: ಹಳೇ ಮಿಕ್ಸಿ, ಗ್ರೈಂಡರ್, ಫ್ರಿಜ್ ಸಂಗ್ರಹದ ಬಗ್ಗೆ

ಸಂಪಿಗೆಮರ (ಮೈಸೂರು) | ಸೋಮವಾರ, ರಾತ್ರಿ 9.10

ನಿನ್ನೆ ಕುವೆಂಪುನಗರದ ನಮ್ಮ ನಾಲ್ಕು ಬೀದಿಯವರು ಸೇರಿ ಪಾರ್ಕಿನ ಪಕ್ಕದ ಶೆಡ್ಡಿನಲ್ಲಿ ಹಳೇ ಕರೆಂಟ್ ಸಾಮಾನು ಸಂಗ್ರಹ ಇಟ್ಟುಕೊಂಡಿದ್ದೆವು. ದಸರಾಕ್ಕೆ ಮನೆ ತೊಳೆಯೋ ಹೊತ್ತು, ಅಟ್ಟದ ಮೇಲಿರೋದೆಲ್ಲ ಹೇಗೂ ಕೆಳಗಿಳಿಯುತ್ತೆ ಅನ್ನೋ ಲೆಕ್ಕ. ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆದೆವು, ಹನ್ನೊಂದರ ಹೊತ್ತಿಗೆ ಒಳಗೆ ಕಾಲಿಡೋಕೆ ಜಾಗ ಇರಲಿಲ್ಲ. ಒಟ್ಟು 63 ಸಾಮಾನು ಬಂತು. 19 ಮಿಕ್ಸಿ, 8 ಇಸ್ತ್ರಿಪೆಟ್ಟಿಗೆ, 6 ಗ್ರೈಂಡರ್, 5 ಡಬ್ಬಾ ಟಿವಿ, 4 ಫ್ರಿಜ್, 3 ವಾಷಿಂಗ್ ಮೆಷಿನ್, 2 ಮೈಕ್ರೋವೇವ್. ಮಿಕ್ಕಿದ್ದು ಫ್ಯಾನು, ಗೀಸರ್, ಇಂಡಕ್ಷನ್ ಒಲೆ.

ಅಗ್ರಹಾರದಲ್ಲಿ ಅಂಗಡಿ ಇಟ್ಟಿರೋ ರಿಪೇರಿಯವರೊಬ್ಬರನ್ನ ಕರೆಸಿ, ಒಂದು ಟೇಬಲ್, ಒಂದು ಟೆಸ್ಟ್ ಬೋರ್ಡ್ ಹಾಕಿ ಕೂರಿಸಿದ್ದೆವು. ಬಂದಿದ್ದನ್ನ ಬಂದ ಹಾಗೇ ಪರೀಕ್ಷೆ ಮಾಡೋದು, ನಡೆಯೋದು ಒಂದು ಕಡೆ, ರಿಪೇರಿ ಆಗೋದು ಇನ್ನೊಂದು ಕಡೆ, ಬಿಚ್ಚೋಕೆ ಕಳಿಸೋದು ಮೂರನೇ ಕಡೆ ಅಂತ ನಮ್ಮ ಯೋಚನೆ. ಆದರೆ 19 ಮಿಕ್ಸಿಯಲ್ಲಿ 11ಕ್ಕೆ ವೈರೇ ಇರಲಿಲ್ಲ! ಬುಡಕ್ಕೆ ಕತ್ತರಿಸಿಬಿಟ್ಟಿದ್ದಾರೆ. ಕೆಲವರು "ಮಕ್ಕಳು ಪ್ಲಗ್ಗಿಗೆ ಹಾಕಿಬಿಡ್ತಾರೆ ಅಂತ ನಾವೇ ಕತ್ತರಿಸಿದ್ವಿ" ಅಂದರು. ಕೆಲವರು "ಹಾಳಾಗಿರೋದು ತಾನೇ, ವೈರಾದರೂ ಬೇರೆಯದಕ್ಕೆ ಬರಲಿ ಅಂತ" ಅಂದರು. ರಿಪೇರಿಯವರು ಒಂದು ಮಿಕ್ಸಿ ಕೈಗೆತ್ತಿಕೊಂಡು, ಮೇಲೆ ಜಾರನ್ನ ತಿರುಗಿಸೋ ಕಪ್ಲರನ್ನ ಬೆರಳಲ್ಲಿ ತಿರುಗಿಸಿ ತೋರಿಸಿದರು. ಬೆಣ್ಣೆ ಹಾಗೆ ತಿರುಗಿತು. "ಮೋಟಾರ್ ಗಟ್ಟಿಯಾಗಿದೆ ಅಮ್ಮ. ಆದ್ರೆ ಕರೆಂಟ್ ಕೊಟ್ಟು ನೋಡೋಕೆ ನಾನು ಇದನ್ನ ಪೂರ್ತಿ ಬಿಚ್ಚಬೇಕು. ಹನ್ನೊಂದನ್ನೂ ಬಿಚ್ಚಿಕೊಂಡು ಕೂತ್ರೆ ಸಾಯಂಕಾಲ ಆಗುತ್ತೆ" ಅಂದರು. ಅವು ಹಾಗೇ ಉಳಿದವು. ರಾತ್ರಿಯೆಲ್ಲ ಅದೇ ಮನಸ್ಸಿನಲ್ಲಿ ಕೊರೀತಿತ್ತು.

ಆ ದಿನವೇ 17 ಸಾಮಾನು ನಡೆಯೋ ಹಾಗಾಯ್ತು. ಇನ್ನು ಮುಂದಿನ ಸಲಕ್ಕೆ ಸಲಹೆ ಬೇಕು. ಫ್ರಿಜ್ ಏನು ಮಾಡೋದು? ಸರಿಯಾದ ಸಾಮಾನು ಯಾರಿಗೆ, ಹೇಗೆ ಕೊಡೋದು? ಬಿಚ್ಚಬೇಕಾದ್ದನ್ನ ಯಾರ ಕೈಗೆ ಕೊಟ್ಟರೆ ನೆಮ್ಮದಿ? ಈ ಕೆಲಸ ಮಾಡಿ ಗೊತ್ತಿರೋರು ದಯವಿಟ್ಟು ಬರೀರಿ.

---

ಮಿಕ್ಸರ್ ರಿಪೇರಿ (ಹುಬ್ಬಳ್ಳಿ) | ಸೋಮವಾರ, ರಾತ್ರಿ 10.45

ಅಕ್ಕಾರ, ನೀವು ಬರದಿದ್ದು ಓದಿ ಹೊಟ್ಟಿಯೊಳಗ ಸಂಕಟ ಆತು. ನಾನು 22 ವರ್ಷದಿಂದ ಮಿಕ್ಸರ್, ಗ್ರೈಂಡರ್ ರಿಪೇರಿ ಮಾಡ್ತೀನಿ. ವೈರ್ ಇಲ್ಲದ ಮಿಕ್ಸರ್ ಅಂದ್ರ ನಾಲಿಗಿ ಇಲ್ಲದ ಪೇಷಂಟ್ ಇದ್ದಂಗ. ಏನಾಗೇತಿ ಅಂತ ಅದು ಹೇಳೂದಿಲ್ಲ.

ಎಲ್ಲಾರಿಗೂ ತಿಳೀಲಿ ಅಂತ ಬರೀತೀನಿ. ಮಿಕ್ಸರ್ ನಿಂತ್ರ ಮೊದಲ ವಾಸನಿ ನೋಡ್ರಿ. ಸುಟ್ಟ ವಾರ್ನಿಷ್ ವಾಸನಿ ಬಂದ್ರ ವೈಂಡಿಂಗ್, ಅಂದ್ರ ಮೋಟರ್ ಒಳಗಿನ ತಂತಿ ಸುತ್ತು, ಹೋಗೇತಿ. ವಾಸನಿ ಇಲ್ಲಂದ್ರ ಪ್ಲಗ್ ತಗದು, ಬೋರಲು ಹಾಕ್ರಿ. ಕೆಳಗ ಸಣ್ಣದೊಂದು ಕೆಂಪು ಗುಂಡಿ ಇರ್ತೈತಿ. ಚಟ್ನಿ ಗಟ್ಟಿಯಾಗಿ ಮೋಟರ್ ಬಿಸಿ ಆದ್ರ ಅದು ಹಾರಿ ಕರೆಂಟ್ ಕಡಿತೈತಿ. ಸ್ವಲ್ಪ ಆರಿದ ಮ್ಯಾಲ ಒತ್ತಿದ್ರ ಮತ್ತ ಚಾಲೂ. ಇಷ್ಟು ಗೊತ್ತಿಲ್ಲದ ಎಷ್ಟೋ ಮಂದಿ ಹೊಸಾದು ತಂದಾರ, ಹಳೇದು ಗುಜರಿಗೆ ಹಾಕ್ಯಾರ. ನನ್ನ ಅಂಗಡಿಗೆ ಬಂದು ಗುಂಡಿ ಒತ್ತಿಸ್ಕೊಂಡು ಹೋದವರ ಹತ್ರ ನಾನು ರೊಕ್ಕ ತಗೊಂಡಿಲ್ಲ.

ಅದಲ್ಲಂದ್ರ ಹೆಚ್ಚಾಗಿ ಕಾರ್ಬನ್ ಬ್ರಶ್, ಅಂದ್ರ ತಿರಗೂ ಮೋಟರಿಗೆ ಕರೆಂಟ್ ಮುಟ್ಟಸೂ ಸಣ್ಣ ತುಂಡು. ಸವದು ಸವದು ಉಗುರಿನಷ್ಟ ಉಳಿದಿರ್ತಾವು, ಒಳಗ ನೀಲಿ ಕಿಡಿ ಹಾರ್ತಾವು. ಇಲ್ಲಾ ಮ್ಯಾಲಿನ ಕಪ್ಲರ್ ಹಲ್ಲು ಸವದು ಜಾರ್ ತಿರಗೂದಿಲ್ಲ, ಮೋಟರ್ ಅಷ್ಟ ಒದರ್ತೈತಿ. ಜಾರಿನ ತಳದಾಗ ಕಪ್ಪು ನೀರು ಬರಾಕತ್ತಿದ್ರ ಬ್ಲೇಡಿನ ದಂಡ ಕೂಡೂ ಬುಶ್ ಹೋಗೇತಿ. ಇವೆಲ್ಲಾ ಸಣ್ಣ ಸಾಮಾನ್ರಿ, ಅರ್ಧ ತಾಸಿನ ಕೆಲಸ. ಕಪ್ಲರ್ ನೀವ ಬಿಚ್ಚೂದಾದ್ರ ಜ್ವಾಕಿ, ಹೆಚ್ಚಿನ ಮಿಕ್ಸರ್‌ನಾಗ ಥ್ರೆಡ್ ಉಲ್ಟಾ ಇರ್ತೈತಿ. ಬಲಕ್ಕ ತಿರುವಿದ್ರ ಸಡಿಲ ಆಗ್ತೈತಿ. ಎಡಕ್ಕ ಜಗ್ಗಿ ಜಗ್ಗಿ ಮುರದು ತಂದವರನ್ನ ಭಾಳ ನೋಡೀನಿ.

ಜಾರ್‌ಗಳನ್ನೂ ಜೋಡಿ ಕಳಸ್ರಿ ಅಂತ ಹೇಳ್ರಿ. ಬರೇ ಮೋಟರ್ ಬಂದ್ರ ಅದಕ್ಕ ಹೊಂದೂ ಜಾರ್ ಸಿಗೂದಿಲ್ಲ, ಒಂದೊಂದು ಕಂಪನಿದು ಒಂದೊಂದು ಅಳತಿ. ಬ್ಯಾರೇ ಮನಿಯಿಂದ ಬಂದ ಹಾಳಾದ ಮಿಕ್ಸರ್ ಇಟ್ಕೊಂಡ್ರ ಎರಡರಾಗ ಒಂದು ಉಳೀತೈತಿ.

ಇನ್ನೊಂದು ಮಾತು ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಆ ರಿಪೇರಿಯವರಿಗೆ ಏನು ಕೊಟ್ರಿ? ಭಾನುವಾರ ನಮಗ ಗಿರಾಕಿ ಬರೂ ದಿನ. ಸೇವಾ ಅಂತ ಒಂದ್ಸಲ ಬರ್ತಾರ, ಎರಡ್ಸಲ ಬರ್ತಾರ. ಮೂರನೇ ಸಲ ಮನ್ಯಾಗ ಹೆಂಡ್ತಿ ಕೇಳ್ತಾಳ.

---

ಸಂಪಿಗೆಮರ | ಮಂಗಳವಾರ, ಬೆಳಿಗ್ಗೆ 6.30

ಸಿಟ್ಟೆಲ್ಲಿ ಬಂತು ಅಣ್ಣ, ಸರಿಯಾಗೇ ಕೇಳಿದಿರಿ. ತಿಂಡಿ, ಊಟ ಕೊಟ್ಟೆವು. ದುಡ್ಡು ಕೊಡೋಕೆ ಹೋದಾಗ ಬೇಡ ಅಂದರು, ನಾವೂ ಅಲ್ಲಿಗೇ ಬಿಟ್ಟುಬಿಟ್ಟೆವು. ಅದು ತಪ್ಪು. ಇವತ್ತೇ ಅವರ ಅಂಗಡಿಗೆ ಹೋಗಿ ಕೊಟ್ಟು ಬರ್ತೀನಿ.

---

ತಂಪುಪೆಟ್ಟಿಗೆ (ಶಿವಮೊಗ್ಗ) | ಮಂಗಳವಾರ, ಮಧ್ಯಾಹ್ನ 2.05

ಮೇಡಂ, ಆ ನಾಲ್ಕು ಫ್ರಿಜ್ಜನ್ನ ದಯವಿಟ್ಟು ಯಾರಿಗೂ ಹಾಗೇ ಎತ್ತಿ ಕೊಡಬೇಡಿ. ನಾನು ಫ್ರಿಜ್, ಎಸಿ ಮೆಕ್ಯಾನಿಕ್. ಬೇರೆ ಸಾಮಾನು ಒಡೆದರೆ ಒಂದು ಸಾಮಾನು ಹೋಯ್ತು ಅಷ್ಟೇ. ಫ್ರಿಜ್ ಪೈಪ್ ಕತ್ತರಿಸಿದರೆ ಒಳಗಿನ ಗ್ಯಾಸ್ ಗಾಳಿಗೆ ಹೋಗುತ್ತೆ, ಅದನ್ನ ಮತ್ತೆ ಹಿಡಿಯೋಕಾಗಲ್ಲ.

ಹಿಂದುಗಡೆ ಅಥವಾ ಕಂಪ್ರೆಸರ್ ಮೇಲೆ ಚೀಟಿ ನೋಡಿ. ತೀರಾ ಹಳೇದಾದರೆ ಆರ್-12 ಅಂತ ಇರುತ್ತೆ. ಓಝೋನ್ ಪದರಕ್ಕೆ ತೂತು ಮಾಡಿದ ಗ್ಯಾಸುಗಳಲ್ಲಿ ಅದೊಂದು, 1987ರ ಮಾಂಟ್ರಿಯಲ್ ಒಪ್ಪಂದದಿಂದ ನಿಲ್ಲಿಸಿದ್ದು. ಆಮೇಲೆ ಬಂದಿದ್ದು ಆರ್-134ಎ. ಇದು ಓಝೋನಿಗೆ ಏನೂ ಮಾಡಲ್ಲ, ಆದರೆ ಭೂಮಿ ಕಾಯಿಸೋದರಲ್ಲಿ ಒಂದು ಕಿಲೋ ಬಿಟ್ಟರೆ ಸುಮಾರು 1,430 ಕಿಲೋ ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟು. ಮನೆ ಫ್ರಿಜ್ಜಿನಲ್ಲಿ ಅದು ನೂರು, ನೂರೈವತ್ತು ಗ್ರಾಂ ಇರುತ್ತೆ. ಲೆಕ್ಕ ಹಾಕಿ ನೋಡಿ, ಒಂದು ಕಟಿಂಗ್ ಪ್ಲೇಯರ್ ಏಟಿಗೆ ಎಷ್ಟು ಹೋಯ್ತು ಅಂತ. ಈಗಿನ ಫ್ರಿಜ್ಜುಗಳಲ್ಲಿ ಆರ್-600ಎ, ಅಂದರೆ ಐಸೋಬ್ಯೂಟೇನ್. ಅದರಿಂದ ಆ ತೊಂದರೆ ಇಲ್ಲ, ಆದರೆ ಬೆಂಕಿ ಹಿಡಿಯೋ ಗ್ಯಾಸ್. ಗ್ರೈಂಡಿಂಗ್ ಮೆಷಿನ್ ಹಚ್ಚಿ ಕತ್ತರಿಸೋಕೆ ಹೋದರೆ ಕಿಡಿಗೆ ಭಗ್ಗನೆ ಹತ್ತುತ್ತೆ. ಗ್ಯಾಸನ್ನ ಸಿಲಿಂಡರಿಗೆ ಎಳೆದುಕೊಳ್ಳೋ ರಿಕವರಿ ಮೆಷಿನ್ ಇರೋ ಕಡೆಗೇ ಫ್ರಿಜ್ ಹೋಗಬೇಕು.

ಅದಕ್ಕಿಂತ ಮುಂಚೆ, ಅದು ನಿಜವಾಗಿ ಸತ್ತಿದೆಯಾ ನೋಡಿ. "ಕಂಪ್ರೆಸರ್ ಹೋಗಿದೆ, ಹೊಸದು ತಗೊಳ್ಳಿ" ಅನ್ನೋ ಮಾತು ಬಹಳ ಸುಲಭವಾಗಿ ಬರುತ್ತೆ. ಟಿಕ್ ಅಂತ ಸದ್ದು, ಎರಡು ನಿಮಿಷ ಬಿಟ್ಟು ಮತ್ತೆ ಟಿಕ್. ಇದು ಎಷ್ಟೋ ಸಲ ಕಂಪ್ರೆಸರ್ ಶುರು ಮಾಡೋ, ಅದರ ಪಕ್ಕದ ರಿಲೇ ಹೋಗಿರೋದು. ಬೆಂಕಿಪೊಟ್ಟಣದಷ್ಟು ದೊಡ್ಡ ಸಾಮಾನು. ತಣ್ಣಗಾಗ್ತಿಲ್ಲ ಅಂದರೆ ಬಾಗಿಲಿನ ರಬ್ಬರ್ ಗ್ಯಾಸ್ಕೆಟ್ ಸೀಳಿರಬಹುದು, ಥರ್ಮೋಸ್ಟಾಟ್ ಇರಬಹುದು.

ಎರಡು ಎಚ್ಚರಿಕೆ. ಗಾಡಿಯಲ್ಲಿ ನಿಲ್ಲಿಸಿಕೊಂಡೇ ಒಯ್ಯಿರಿ. ಮಲಗಿಸಿ ತಂದಿದ್ದರೆ ಕೆಲವು ಗಂಟೆ ನೆಟ್ಟಗೆ ನಿಲ್ಲಿಸಿ, ಕಂಪ್ರೆಸರ್ ಎಣ್ಣೆ ಕೆಳಗಿಳಿದ ಮೇಲೆ ಕರೆಂಟ್ ಕೊಡಿ. ಇನ್ನೊಂದು, ಪಾರ್ಕಿನ ಪಕ್ಕ ಅಂದಿರಲ್ಲ, ಅದಕ್ಕೇ ಹೇಳ್ತೀನಿ: ಫ್ರಿಜ್ ಬಾಗಿಲನ್ನ ಹಗ್ಗ ಹಾಕಿ ಬಿಗೀರಿ, ಇಲ್ಲಾ ಬಾಗಿಲೇ ಕಳಚಿಡಿ. ಮಕ್ಕಳು ಆಟಕ್ಕೆ ಒಳಗೆ ಅಡಗಿ ಕೂತರೆ ಉಸಿರು ಕಟ್ಟುತ್ತೆ. ಮೈಕ್ರೋವೇವನ್ನೂ ಯಾರೂ ಬಿಚ್ಚೋಕೆ ಹೋಗಬೇಡಿ. ಪ್ಲಗ್ ತೆಗೆದಿದ್ದರೂ ಒಳಗಿನ ಕೆಪಾಸಿಟರಿನಲ್ಲಿ ಜೀವ ತೆಗೆಯೋಷ್ಟು ಕರೆಂಟ್ ಕೂತಿರಬಹುದು.

---

ಗುಜರಿ ಅಂಗಡಿ ಮಗಳು (ಮಂಡ್ಯ) | ಮಂಗಳವಾರ, ರಾತ್ರಿ 11.20

ಎಲ್ಲರ ಮಾತಲ್ಲೂ ಗುಜರಿಯವರು ಅಂದರೆ ಕತ್ತರಿಸೋರು, ಒಡೆಯೋರು ಅಂತ ಬರ್ತಿದೆ. ನಮ್ಮಪ್ಪ ಸೈಕಲ್ಲಿನಲ್ಲಿ "ಹಳೇ ಕಬ್ಣಾ, ಹಳೇ ಪಾತ್ರೇ" ಅಂತ ಕೂಗಿಕೊಂಡು ಬೀದಿ ಸುತ್ತಿ, ಆಮೇಲೆ ಅಂಗಡಿ ಇಟ್ಟು ನನ್ನನ್ನ ಓದಿಸಿದ್ದು. ಆದ್ದರಿಂದ ಅಂಗಡಿ ಒಳಗಿನ ಲೆಕ್ಕ ನಾನು ಹೇಳ್ತೀನಿ.

ಮನೆಯವರಿಗೆ ನಾವು ಕೊಡೋದು ಕಿಲೋ ಲೆಕ್ಕ. ನಾವು ಮಾರೋದೂ ಕಿಲೋ ಲೆಕ್ಕ: ತಾಮ್ರ ಬೇರೆ, ಅಲ್ಯೂಮಿನಿಯಂ ಬೇರೆ, ಕಬ್ಬಿಣ ಬೇರೆ, ಪ್ಲಾಸ್ಟಿಕ್ ಬೇರೆ. ಇಡೀ ಮಿಕ್ಸಿಗೆ ನಮ್ಮ ತಕ್ಕಡಿಯಲ್ಲಿ ಬೆಲೆಯೇ ಇಲ್ಲ, ಅದರೊಳಗಿನ ತಾಮ್ರಕ್ಕೆ ಇದೆ. ಅದಕ್ಕೇ ಮೊದಲು ಕೈ ಹೋಗೋದು ವೈರಿಗೆ. ಈಗೀಗ ಎಷ್ಟೋ ಮೋಟಾರಿನಲ್ಲಿ ತಾಮ್ರದ ಬದಲು ಅಲ್ಯೂಮಿನಿಯಂ ಸುತ್ತಿರ್ತಾರೆ, ಅರ್ಧ ಗಂಟೆ ಬಿಚ್ಚಿದ ಕೂಲಿಯೂ ಹುಟ್ಟಲ್ಲ.

ನಾನು ಚಿಕ್ಕವಳಿದ್ದಾಗ ಅಂಗಡಿ ಹಿಂದೆ ಸಂಜೆ ಹೊತ್ತು ವೈರ್ ಸುಡ್ತಿದ್ದರು. ಸೊಪ್ಪಿನ ಕಂತೆ ಥರ ವೈರಿನ ಉಂಡೆ, ಮೇಲೆ ಒಂದಿಷ್ಟು ಸೀಮೆಎಣ್ಣೆ. ಹೊಗೆ ಕಪ್ಪಗೆ, ನೆಲ ಹಿಡಿದುಕೊಂಡು ಬರ್ತಿತ್ತು. ಗಂಟಲಿನಲ್ಲಿ ಸಿಹಿ ಸಿಹಿ ಥರ ಒಂದು ಉರಿ. ಬೆಳಿಗ್ಗೆ ನಾನೂ ನನ್ನ ತಮ್ಮನೂ ಬೂದಿ ಕೆದಕಿ ತಾಮ್ರದ ಎಳೆ ಆರಿಸ್ತಿದ್ದೆವು, ಕೆಂಪು ದಾರದ ಹಾಗೆ ಇರೋವು. ತಮ್ಮನಿಗೆ ಮಳೆಗಾಲ ಬಂದರೆ ಈಗಲೂ ದಮ್ಮು ಕಟ್ಟುತ್ತೆ. ಕಾರಣ ಇದೇ ಅಂತ ಯಾವ ಡಾಕ್ಟರೂ ಬರೆದುಕೊಟ್ಟಿಲ್ಲ. ಆದರೆ ವೈರಿನ ಮೇಲಿನ ಪಿವಿಸಿ ಪ್ಲಾಸ್ಟಿಕ್ ಸುಟ್ಟರೆ ಡಯಾಕ್ಸಿನ್ ಅನ್ನೋ ವಿಷ ಬರುತ್ತೆ ಅಂತ ಕಾಲೇಜಿನಲ್ಲಿ ಓದಿದ ದಿನ ನಾನು ಹಾಸ್ಟೆಲಿಂದ ಅಪ್ಪನಿಗೆ ಫೋನ್ ಮಾಡಿ ಅತ್ತಿದ್ದೆ. ಅವತ್ತಿಂದ ನಮ್ಮ ಅಂಗಡಿಯಲ್ಲಿ ವೈರ್ ಸುಡಲ್ಲ. ಕೈಯಲ್ಲಿ ತಿರುಗಿಸೋ ಸಿಪ್ಪೆ ಸುಲಿಯೋ ಮೆಷಿನ್ ತಂದಿದೀವಿ. ನಿಧಾನ, ಆದರೂ ಅದೇ.

ಇನ್ನು ಸಂಪಿಗೆಮರ ಅಕ್ಕ ಕೇಳಿದ ಪ್ರಶ್ನೆ, ಯಾರ ಕೈಗೆ ಕೊಡೋದು ಅಂತ. ಪರವಾನಗಿ ಇರೋ ಮರುಬಳಕೆ ಕಾರ್ಖಾನೆಯವರು ಒಂದು ಮಿಕ್ಸಿ, ಒಂದು ಟಿವಿಗೆಲ್ಲ ಬರಲ್ಲ. ಗಾಡಿ ತುಂಬಬೇಕು. ಒಂಟಿ ಮನೆಯವರು ಏನು ಮಾಡ್ತಾರೆ ಹೇಳಿ? ಬೀದಿಯಲ್ಲಿ ಕೂಗೋರಿಗೇ ಕೊಡ್ತಾರೆ. ಅದಕ್ಕೇ ನೀವು ಮಾಡಿದ ಹಾಗೆ ನಾಲ್ಕು ಬೀದಿ ಸೇರಿ ಒಂದು ಕಡೆ ಕೂಡಿಹಾಕೋದು ದೊಡ್ಡ ಕೆಲಸ. ಆದರೆ ನಿಮ್ಮ ಬೀದಿಗೆ ಬರೋ ಗುಜರಿಯವರನ್ನ ಹೊರಗಿಡಬೇಡಿ. ಯಾವ ಮನೆಯಲ್ಲಿ ಏನಿದೆ ಅನ್ನೋದು ಅವರಿಗೆ ಗೊತ್ತಿರುತ್ತೆ. "ವೈರ್ ಸಮೇತ, ಒಡೆಯದೆ ತಂದುಕೊಟ್ಟರೆ ಕಿಲೋಗೆ ಇಷ್ಟು ಜಾಸ್ತಿ" ಅಂತ ಹೇಳಿ ನೋಡಿ. ಅವರೇ ಜೋಪಾನವಾಗಿ ತಂದಿಡ್ತಾರೆ.

---

ರೈನ್ ದಂಡೆ (ಜರ್ಮನಿ) | ಬುಧವಾರ, ಬೆಳಗಿನ ಜಾವ 2.40

ನಾನು ದಾವಣಗೆರೆಯವನು, ಒಂಬತ್ತು ವರ್ಷದಿಂದ ಜರ್ಮನಿಯಲ್ಲಿದ್ದೀನಿ. ಇಲ್ಲಿ 400 ಚದರ ಮೀಟರಿಗಿಂತ ದೊಡ್ಡ ಎಲೆಕ್ಟ್ರಿಕ್ ಅಂಗಡಿಗಳು ಹಳೇ ಸಾಮಾನು ವಾಪಸ್ ತಗೊಳ್ಳಲೇಬೇಕು ಅಂತ ಕಾನೂನಿದೆ. 25 ಸೆಂಟಿಮೀಟರಿಗಿಂತ ಚಿಕ್ಕದಾದರೆ ಹೊಸದು ಕೊಳ್ಳದೇ ಹೋದರೂ ತಗೋಬೇಕು. ಪ್ರತಿ ಊರಿಗೂ ಸಂಗ್ರಹದ ಅಂಗಳ ಇದೆ.

ಆದರೆ ಒಂದು ನೋವಿನ ಸಂಗತಿ. ಹೋದ ಚಳಿಗಾಲದಲ್ಲಿ ಟೋಸ್ಟರ್ ಹಾಕೋಕೆ ಆ ಅಂಗಳಕ್ಕೆ ಹೋಗಿದ್ದೆ. ಕಂಟೇನರಿನಲ್ಲಿ ಹೊಳೀತಾ ಇದ್ದ ಒಂದು ಕಾಫಿ ಮೆಷಿನ್ ಕಂಡು, ತಗೋಬಹುದಾ ಅಂತ ಅಲ್ಲಿನ ನೌಕರರನ್ನ ಕೇಳಿದೆ. ಇಲ್ಲ ಅಂದರು. ಒಮ್ಮೆ ಒಳಗೆ ಬಿದ್ದಿದ್ದನ್ನ ಹೊರಗೆ ತೆಗೆಯೋ ಹಾಗಿಲ್ಲ. ನನ್ನ ಕಣ್ಣೆದುರಿಗೇ ಅದರ ಮೇಲೆ ಒಂದು ಭಾರವಾದ ಓವನ್ ಬಿತ್ತು. ಮರುಬಳಕೆ ವ್ಯವಸ್ಥೆ ಇಷ್ಟು ಚೆನ್ನಾಗಿದ್ದೂ, ನಡೆಯೋ ಸಾಮಾನು ಪುಡಿಯಾಗುತ್ತೆ. ನಿಮ್ಮ ಶೆಡ್ಡಿನ ಬಾಗಿಲಲ್ಲೇ ಒಬ್ಬ ರಿಪೇರಿಯವರು ಕೂತಿದ್ದರು ಅನ್ನೋದು ಓದಿ ಎಷ್ಟು ಸಂತೋಷ ಆಯ್ತು ಗೊತ್ತಾ? ಅವರ ಟೇಬಲ್ ಯಾವತ್ತೂ ಕಂಟೇನರಿಗಿಂತ ಮುಂದೆಯೇ ಇರಲಿ.

---

ಕಡತ ಓದುವವ (ಬೆಂಗಳೂರು) | ಬುಧವಾರ, ಬೆಳಿಗ್ಗೆ 10.15

ನಮ್ಮಲ್ಲೂ ಕಾನೂನಿದೆ, ಜನಕ್ಕೆ ಗೊತ್ತಿಲ್ಲ. 2011ರ ಇ-ತ್ಯಾಜ್ಯ ನಿಯಮದಲ್ಲಿ ಮನೆ ಸಾಮಾನು ಅಂದರೆ ಟಿವಿ, ಫ್ರಿಜ್, ವಾಷಿಂಗ್ ಮೆಷಿನ್, ಎಸಿ ಅಷ್ಟೇ ಇತ್ತು. ಮಿಕ್ಸಿ, ಇಸ್ತ್ರಿಪೆಟ್ಟಿಗೆಯನ್ನ ಕೇಳೋರೇ ಇರಲಿಲ್ಲ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ 2022ರ ನಿಯಮದಲ್ಲಿ ಪಟ್ಟಿ 106 ಬಗೆಗೆ ಬೆಳೆದಿದೆ. ಗ್ರೈಂಡರ್, ಇಸ್ತ್ರಿಪೆಟ್ಟಿಗೆ, ಫ್ಯಾನು, ಮೈಕ್ರೋವೇವ್ ಎಲ್ಲ ಬಂದಿವೆ. ತಯಾರಿಸಿದ ಕಂಪನಿಯೇ ಇಂತಿಷ್ಟು ಪಾಲು ಮರುಬಳಕೆಗೆ ಹೋಗೋ ಹಾಗೆ ನೋಡಿಕೊಳ್ಳಬೇಕು: ಮೊದಲೆರಡು ವರ್ಷ ಶೇ. 60, ಆಮೇಲೆ 70, 2027-28ರಿಂದ 80.

ನನ್ನ ತಕರಾರು ಏನಂದರೆ, ಮರುಬಳಕೆ ಆಯ್ತು ಅಂತ ಕಂಪನಿ ತೋರಿಸಬೇಕಾದ ಪ್ರಮಾಣಪತ್ರ ಆ ನಿಯಮದಲ್ಲಿ ಹುಟ್ಟೋದು ಚಿನ್ನ, ತಾಮ್ರ, ಕಬ್ಬಿಣ, ಅಲ್ಯೂಮಿನಿಯಂ ಎಷ್ಟು ತೆಗೆದರು ಅನ್ನೋದರ ಮೇಲೆ. ಮಂಡ್ಯದ ತಂಗಿ ಹೇಳಿದ ತಕ್ಕಡಿಯೇ ಇಲ್ಲೂ ಇದೆ. ರಿಪೇರಿ ಮಾಡಿ ಆಯುಸ್ಸು ಹೆಚ್ಚಿಸೋರಿಗೂ ನಿಯಮದಲ್ಲಿ ಜಾಗ ಇದೆ ನಿಜ, ಆದರೆ ನೋಂದಾಯಿಸಿಕೊಂಡ ಸಂಸ್ಥೆಗಳಿಗೆ. ಅಗ್ರಹಾರದ ಅಂಗಡಿಯವರಿಗೆ ಅದರಿಂದ ಏನು ಸಿಗುತ್ತೆ? 2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ "ರಿಪೇರಿ ಹಕ್ಕು" ಜಾಲತಾಣ ಶುರು ಮಾಡಿತು. ಒಳ್ಳೇದೇ. ಬಿಡಿಭಾಗ ಬೀದಿ ಅಂಗಡಿಗೂ ಸಿಗೋ ಹಾಗಾದರೆ ಆ ಹಕ್ಕಿಗೆ ಅರ್ಥ.

ಬಿಚ್ಚೋಕೆ ಕಳಿಸೋದಾದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪಟ್ಟಿ ನೋಡಿ ಆರಿಸಿಕೊಳ್ಳಿ. ಈ ಬಗೆಯ ಅಧಿಕೃತ ಕಾರ್ಖಾನೆ ನಮ್ಮ ನಾಡಿಗೆ ಹೊಸದಲ್ಲ. ದಾಬಸ್‌ಪೇಟೆಯ ಇ-ಪರಿಸರ 2005ರಲ್ಲೇ ಶುರುವಾಗಿದ್ದು. ಕೊಟ್ಟಿದ್ದಕ್ಕೆ ರಸೀದಿ ಕೇಳಿ ಪಡೀರಿ. ಡಬ್ಬಾ ಟಿವಿಯ ಗಾಜಿನಲ್ಲಿ ಕಿಲೋಗಟ್ಟಲೆ ಸೀಸ ಇರುತ್ತೆ, ಕೊಳವೆ ಒಡೆಯದ ಹಾಗೆ ಮುಖ ಕೆಳಗೆ ಮಾಡಿ ಕಂಬಳಿ ಮೇಲಿಡಿ.

---

ಮೀಟರ್ ನೋಡೋವ (ತುಮಕೂರು) | ಬುಧವಾರ, ಸಂಜೆ 7.00

ಒಂದು ಮಾತಿಗೆ ನನ್ನ ವಿರೋಧ ಇದೆ. ಹಳೇ ಫ್ರಿಜ್ ರಿಪೇರಿ ಮಾಡಿ ಬಡವರಿಗೆ ಕೊಡೋದು ಬೇಡ. ಅತ್ತೆ ಮನೆಯಲ್ಲಿ 2001ರಲ್ಲಿ ತಗೊಂಡ ಫ್ರಿಜ್ ಇತ್ತು. ಪ್ಲಗ್ಗಿಗೆ ಸಿಕ್ಕಿಸೋ ಸಣ್ಣ ಮೀಟರ್ ಹಾಕಿ ಒಂದು ದಿನ ಬಿಟ್ಟೆ, 1.9 ಯೂನಿಟ್ ತೋರಿಸ್ತು. ತಿಂಗಳಿಗೆ 57. ಈಗ ಬರೋ ಸಣ್ಣ ಒಂಟಿ ಬಾಗಿಲಿನ ಫ್ರಿಜ್ ತಿಂಗಳಿಗೆ 15ರ ಆಸುಪಾಸಿನಲ್ಲಿ ಮುಗಿಸುತ್ತೆ.

ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. 160ರಲ್ಲಿದ್ದ ಮನೆಗೆ ಈ ಫ್ರಿಜ್ ಹೋದರೆ? ಪುಣ್ಯ ಅಂತ ಕೊಟ್ಟಿದ್ದು ಪ್ರತಿ ತಿಂಗಳ ಸಾಲ ಆಗುತ್ತೆ.

---

ಅಂಗಳದ ತುಳಸಿ (ಮೈಸೂರು) | ಬುಧವಾರ, ರಾತ್ರಿ 8.30

ಅಣ್ಣ, ಲೆಕ್ಕ ಸರಿ. ಆದರೆ ಎಲ್ಲರ ಮನೆಯೂ 160ರಲ್ಲಿ ಇರಲ್ಲ. ನಮ್ಮ ಬೀದಿ ಗುಡಿಸೋ ಪೌರಕಾರ್ಮಿಕರ ಅಮ್ಮನಿಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಬಾಟಲಿಯನ್ನ ಮಡಕೆ ನೀರಿನಲ್ಲಿ ಪ್ಲಾಸ್ಟಿಕ್ ಕವರ್ ಸುತ್ತಿ ಇಟ್ಟುಕೊಳ್ತಿದ್ದರು. ಏಪ್ರಿಲ್ ಬಿಸಿಲಿಗೆ ಮಡಕೆ ಎಷ್ಟು ತಣ್ಣಗಿರುತ್ತೆ? ಅವರ ಮನೆಯಲ್ಲಿ ಎರಡು ಬಲ್ಬು, ಒಂದು ಫ್ಯಾನು, ಒಂದು ಟಿವಿ. ಅವರಿಗೆ ಹಳೇ ಫ್ರಿಜ್ ಕೊಡಬಾರದಾ? ಬೇಕಾ ಬೇಡವಾ ಅನ್ನೋದನ್ನ ಅವರೇ ತೀರ್ಮಾನಿಸಲಿ, ಅವರ ಪರವಾಗಿ ನಾವಲ್ಲ.

---

ಮೀಟರ್ ನೋಡೋವ | ಬುಧವಾರ, ರಾತ್ರಿ 8.55

ಒಪ್ಪಿದೆ ಅಕ್ಕ, ಇದು ನನಗೆ ಹೊಳೆದಿರಲಿಲ್ಲ. ಹಾಗಾದರೆ ಹೀಗೆ ಮಾಡೋಣ: ಕೊಡೋ ಮುಂಚೆ ಒಂದು ದಿನ ಮೀಟರ್ ಹಾಕಿ, ದಿನಕ್ಕೆ ಇಷ್ಟು ಯೂನಿಟ್ ಅಂತ ಫ್ರಿಜ್ ಮೇಲೆ ದಪ್ಪ ಅಕ್ಷರದಲ್ಲಿ ಚೀಟಿ ಅಂಟಿಸಿ. ಅದನ್ನ ನೋಡಿ ಬೇಕಾದವರು ತಗೊಳ್ಳಲಿ. ನನ್ನ ಮೀಟರನ್ನ ಈ ವಾರವೇ ಬಸ್ಸಿನಲ್ಲಿ ಕಳಿಸ್ತೀನಿ.

---

ದೋಸೆಹಿಟ್ಟು (ಮೈಸೂರು) | ಗುರುವಾರ, ಮಧ್ಯಾಹ್ನ 12.30

ಸಂಪಿಗೆಮರ ಮೇಡಂ, ಅವತ್ತು ನಿಮ್ಮ ಶೆಡ್ಡಿಂದ ಗ್ರೈಂಡರ್ ತಗೊಂಡು ಹೋದವಳು ನಾನೇ. ನೀವು ಫ್ರೀ ಅಂದಿರಿ, ನಾನು 300 ರೂಪಾಯಿ ಕೊಟ್ಟೇ ಹೋದೆ. ಫ್ರೀ ತಗೊಂಡಿದ್ದು ಕೆಟ್ಟರೆ ವಾಪಸ್ ಬಂದು ಕೇಳೋಕೆ ಮುಖ ಇರಲ್ಲ ಮೇಡಂ, ಅದಕ್ಕೆ. ಬೆಲ್ಟ್ ಒಂದು ಹೊಸದು ಹಾಕಿಕೊಟ್ಟರು, ಅಷ್ಟೇ. ಈಗ ದಿನಕ್ಕೆ ಎರಡು ಸಲ ರುಬ್ಬಿ ಹಿಟ್ಟು ಮಾರ್ತಿದೀನಿ. ಮುಂಚೆ ಮಿಕ್ಸಿಯಲ್ಲಿ ಮಾಡ್ತಿದ್ದೆ, ಬಿಸಿಯಾಗಿ ಹಿಟ್ಟು ಸರಿಯಾಗಿ ಉಬ್ತಿರಲಿಲ್ಲ. ಕಲ್ಲಲ್ಲಿ ರುಬ್ಬಿದ ಉದ್ದು ಪಾತ್ರೆ ತುಂಬ ಬರುತ್ತೆ. ಯಾರು ಕೊಟ್ಟ ಗ್ರೈಂಡರೋ ಗೊತ್ತಿಲ್ಲ, ಅವರಿಗೆ ಹೇಳಿ.

---

ಸಂಪಿಗೆಮರ | ಶುಕ್ರವಾರ, ಬೆಳಿಗ್ಗೆ 7.15

ಅಮ್ಮ, ಅದು ನಮ್ಮ ಎದುರುಮನೆಯ ಅಜ್ಜಿಯದು. ನೀವು ಬರೆದಿದ್ದನ್ನ ಓದಿ ಹೇಳಿದೆ. "ನಮ್ಮ ಮಗಳ ಬಾಣಂತನಕ್ಕೆ ತಂದಿದ್ದು" ಅಂದರು, ಆಮೇಲೆ ಸುಮಾರು ಹೊತ್ತು ಮಾತಾಡಲಿಲ್ಲ.

ನಿನ್ನೆ ರಾತ್ರಿ ಬೀದಿಯವರೆಲ್ಲ ಕೂತು ತೀರ್ಮಾನ ಮಾಡಿದೆವು. ಮುಂದಿನ ಸಂಗ್ರಹ ದೀಪಾವಳಿ ಕಳೆದ ಎರಡನೇ ಭಾನುವಾರ. ಇಬ್ಬರು ರಿಪೇರಿಯವರು ಕೂರ್ತಾರೆ, ಒಬ್ಬೊಬ್ಬರಿಗೆ 1,200 ರೂಪಾಯಿ, ಬಿಡಿಭಾಗದ ಖರ್ಚು ಬೇರೆ. ಸರಿಹೋದ ಸಾಮಾನಿಗೆ ನೂರರಿಂದ ಐನೂರರವರೆಗೆ ಬೆಲೆ, ಮೂರು ತಿಂಗಳೊಳಗೆ ಕೆಟ್ಟರೆ ಅದೇ ಶೆಡ್ಡಿಗೆ ತಂದರೆ ಮಾಡಿಕೊಡೋದು. ಫ್ರಿಜ್ ಬಾಗಿಲಿಗೆ ಹಗ್ಗ, ಮೇಲೆ ಯೂನಿಟ್ ಚೀಟಿ. ನಮ್ಮ ಬೀದಿಗೆ ಬರೋ ಗುಜರಿ ಗಾಡಿಯವರ ಹತ್ತಿರವೂ ಮಾತಾಡಿದೆ. ವೈರ್ ಸಮೇತ ತಂದರೆ ಕಿಲೋಗೆ ಹತ್ತು ರೂಪಾಯಿ ಜಾಸ್ತಿ ಅಂದಿದ್ದಕ್ಕೆ, "ಜಾರ್ ಇದ್ರೆ ಅದನ್ನೂ ತರ್ಲಾ?" ಅಂತ ಅವರೇ ಕೇಳಿದರು. ಆ 11 ಮಿಕ್ಸಿಗಳಿಗೆ ಹೊಸ ವೈರ್ ಹಾಕೋಕೆ ಕೊಟ್ಟಾಯ್ತು. ಏಳು ಆಗಲೇ ತಿರುಗ್ತಿವೆ.

---

ಎರಡನೇ ಮಹಡಿ (ಮೈಸೂರು) | ಶುಕ್ರವಾರ, ಬೆಳಿಗ್ಗೆ 9.40

ನಮ್ಮ ಮನೆಯಲ್ಲಿ ಗ್ರೈಂಡರ್ ಇದೆ. ಡ್ರಮ್ ಬೇರೆ, ಕಲ್ಲು ಬೇರೆ ಆಗಿದೆ, ಆರು ವರ್ಷದಿಂದ ಹಚ್ಚಿಲ್ಲ. ವೈರ್ ಇದೆ. ತರಬಹುದಾ? ಮನೆಯಲ್ಲಿ ನಾವಿಬ್ಬರೇ ವಯಸ್ಸಾದವರು.

---

ಸಂಪಿಗೆಮರ | ಶುಕ್ರವಾರ, ಬೆಳಿಗ್ಗೆ 9.52

ಕಲ್ಲು ಎತ್ತೋಕೆ ಹೋಗಬೇಡಿ ಅಮ್ಮ. ಸಂಜೆ ಇಬ್ಬರು ಹುಡುಗರನ್ನ ಕಳಿಸ್ತೀನಿ, ಬಾಗಿಲು ತೆಗೆದರೆ ಸಾಕು.